ಮೈಲಪ್ಪನ ಹಿಂದೆ ಬಂದವಳು

ಹಗರಿಬೊಮ್ಮನಹಳ್ಳಿ ಸಂತೆಯ ಗದ್ದಲದಲ್ಲೂ ಮೈಲಪ್ಪನನ್ನು ದೂರದಿಂದಲೇ ಗುರುತಿಸಬಹುದಿತ್ತು. ಹತ್ತು ಹೆಜ್ಜೆ ನಡೆಯುವನು, ರಸ್ತೆಯ ಅಂಚಿಗೆ ಸರಿದು ನಿಲ್ಲುವನು. ಹಿಂದಿನವರೆಲ್ಲ ದಾಟಿ ಮುಂದೆ ಹೋದ ಮೇಲೆ ಮತ್ತೆ ನಡೆಯುವನು. ಆದರೆ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕೂಗಿದರೆ, ಅವರು ತನ್ನ ಎದುರಿಗೆ ಬರುವವರೆಗೆ ನಿಂತಲ್ಲೇ ನಿಂತಿರುವನು. ಕುರಿ ವ್ಯಾಪಾರದವರು ಅವನನ್ನು ಬಾಸಿಂಗ ಕಟ್ಟಿದ ಮದುಮಗ ಎಂದು ಆಡಿಕೊಳ್ಳುತ್ತಿದ್ದರು, ಕತ್ತು ಹೊರಳಿಸಿದರೆ ಬಾಸಿಂಗ ಬಿದ್ದೀತು ಎಂಬ ಹೆದರಿಕೆ ಇರುವ ಮದುಮಗ. ಮೈಲಪ್ಪ ನಗುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ.

ಕಾರಣ ನನಗೆ ತಿಳಿದದ್ದು ಅವನ ಹೆಂಡತಿ ಉಚ್ಚಂಗೆಮ್ಮನಿಂದ. ನನ್ನ ತವರು ಹಂಪಸಾಗರ. ಊರಿನಿಂದ ಸ್ವಲ್ಪ ಆಚೆ, ಹೊಲಗಳ ನಡುವೆ ಅವರ ಮನೆ. ಸೋಮವಾರದ ಪೂಜೆಗೆ ನಮ್ಮ ಮನೆಗೆ ಹಾಲು ತಂದುಕೊಡುತ್ತಿದ್ದವಳು ಆಕೆಯೇ. ಹಾಲು ಅಳೆದ ಮೇಲೆ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಒಂದು ಸೋಮವಾರ ಇಷ್ಟು, ಇನ್ನೊಂದು ಸೋಮವಾರ ಇಷ್ಟು ಎಂದು ಹೇಳಿದ್ದನ್ನು ಕೂಡಿಸಿಕೊಂಡರೆ ಈ ಕಥೆಯಾಗುತ್ತದೆ. ಮೈಲಪ್ಪನೂ ಕೊನೆಯಲ್ಲಿ ಒಂದಿಷ್ಟು ಹೇಳಿದ.

ಅವರದು ಕುರಿ ಸಾಕುವ ಮನೆತನ. ಮನೆದೇವರು ಮೈಲಾರಲಿಂಗ. ಆ ಒಕ್ಕಲಿನವರಿಗೆ ನಾಯಿ ಎಂದರೆ ಮನೆ ಕಾಯುವ ಪ್ರಾಣಿ ಮಾತ್ರವಲ್ಲ. ದೀಕ್ಷೆ ಪಡೆದ ಗೊರವಪ್ಪ ತನ್ನನ್ನೇ ಸ್ವಾಮಿಯ ನಾಯಿ ಎಂದುಕೊಳ್ಳುತ್ತಾನೆ. ಕರಿಯ ಕಂಬಳಿ ತೊಟ್ಟು, ಭಂಡಾರದ ಅರಿಸಿನ ಹಚ್ಚಿಕೊಂಡು, ದೋಣಿ ಎಂದು ಕರೆಯುವ ಮರದ ಬಟ್ಟಲಿನಲ್ಲಿ ಸುರಿದ ಹಾಲನ್ನು ಮಂಡಿಯೂರಿ ಬಾಯಿಂದಲೇ ಕುಡಿಯುತ್ತಾನೆ. ಮೈಲಪ್ಪನ ಅಜ್ಜ ಹಾಗೆ ದೀಕ್ಷೆ ಪಡೆದವನು. ಅದೇ ದಿನ ಅದೇ ಗುಡಿಯ ಮುಂದೆ ದೀಕ್ಷೆ ಪಡೆದ ಇನ್ನೊಬ್ಬ, ಹರಪನಹಳ್ಳಿ ಸೀಮೆಯ ಅರಸೀಕೆರೆಯವನು. ಇಬ್ಬರಿಗೂ ಬೇಟೆನಾಯಿಯ ಹುಚ್ಚು. ತೆಳು ಸೊಂಟದ, ಉದ್ದ ಕಾಲಿನ, ತೋಳವನ್ನು ಅಟ್ಟಿ ಹಿಡಿಯುವ ನಾಯಿಗಳು. ಇಬ್ಬರೂ ದೋಣಿ ಮುಟ್ಟಿ ಒಂದು ಮಾತು ಮಾಡಿಕೊಂಡರು. ಹೆಣ್ಣುನಾಯಿ ಹಂಪಸಾಗರದ ಮನೆಯಲ್ಲಿ, ಗಂಡುನಾಯಿ ಅರಸೀಕೆರೆಯ ಮನೆಯಲ್ಲಿ. ಇವರ ಮನೆಯಲ್ಲಿ ಹುಟ್ಟಿದ ಗಂಡು ಮರಿಗಳು ಬೇರೆ ಹಟ್ಟಿಗಳಿಗೆ ಹೋಗಬೇಕು. ಅರಸೀಕೆರೆಯವರು ತಮ್ಮ ಗಂಡುನಾಯಿಯನ್ನು ಪ್ರತಿ ಸಲ ಬೇರೆ ಕಡೆಯಿಂದ ತರಬೇಕು. ಅವತ್ತಿನಿಂದ ಆ ಎರಡು ಮನೆಯವರು ಬೀಗರು. ಹೆಣ್ಣು ಕೊಟ್ಟವರಿಲ್ಲ, ತಂದವರಿಲ್ಲ, ಆದರೂ ಬೀಗರು.

ಹೆಣ್ಣುನಾಯಿ ಬೆದೆಗೆ ಬಂದಾಗ ಅದನ್ನು ಅರಸೀಕೆರೆಗೆ ನಡೆಸಿಕೊಂಡೇ ಹೋಗಬೇಕಿತ್ತು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಉಜ್ಜಿನಿ ದಾಟಿ ಮೂರು ದಿನದ ದಾರಿ. ಹೋಗುವಾಗ ಕೊರಳಿಗೆ ಕರಿ ಉಣ್ಣೆಯ ಹಗ್ಗ. ಬರುವಾಗ ಆ ಹಗ್ಗವನ್ನು ಬೀಗರ ಮನೆಯಲ್ಲೇ ಬಿಚ್ಚಿ ನಡುವಿಗೆ ಸುತ್ತಿಕೊಳ್ಳಬೇಕು. ಮನೆಯ ಗಂಡಸು ಮುಂದೆ ನಡೆಯುತ್ತಾನೆ, ನಾಯಿ ತಾನಾಗಿ ಹಿಂದೆ ಬರಬೇಕು. ಮೂರು ದಿನವೂ ಅವನು ತಿರುಗಿ ನೋಡುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಉಣ್ಣುವ ಹೊತ್ತಿಗೆ ರೊಟ್ಟಿ ಮುರಿದು ಬೆನ್ನ ಹಿಂದೆ ಇಡಬೇಕು. ಮಲಗುವಾಗ ಮನೆಯ ದಿಕ್ಕಿಗೆ ಮುಖ ಮಾಡಿ ಕಂಬಳಿ ಎಳೆದುಕೊಳ್ಳಬೇಕು. ಹೊಸ್ತಿಲಿಗೆ ಬಂದು ನಿಂತಾಗ ಮನೆಯಾಕೆ ದೋಣಿಯಲ್ಲಿ ಹಾಲು ಹಿಡಿದು ಬರುತ್ತಾಳೆ. ಗಂಡನ ಭುಜದ ಮೇಲಿಂದ ಹಿಂದಕ್ಕೆ ನೋಡಿ "ಬಾರವ್ವ" ಎನ್ನುತ್ತಾಳೆ. ಆಗ ಮಾತ್ರ ಅವನು ತಿರುಗಬಹುದು. ಆ ಮಾತು ಬಿದ್ದ ಮೇಲೆಯೇ ದಾರಿ ಮುಗಿಯಿತು ಎಂದು ಲೆಕ್ಕ. ಹಗ್ಗವಿಲ್ಲದೆ ಬಂದವಳು ಮನೆಯವಳು, ಅವಳ ಹೊಟ್ಟೆಯ ಮರಿ ಎಷ್ಟು ದೂರ ಬಿಟ್ಟರೂ ಹಿಂಡಿಗೆ ತಿರುಗಿ ಬರುತ್ತದೆ ಎಂದು ಅವರ ನಂಬಿಕೆ.

ಮೈಲಪ್ಪ ಆ ದಾರಿಯನ್ನು ಏಳು ಸಲ ನಡೆದಿದ್ದ. ಎಂಟನೆಯ ಸಲ, ತೊಂಬತ್ತಾರನೇ ಇಸವಿಯ ಕಾರ್ತಿಕದಲ್ಲಿ, ಕೆಂಚಿಯನ್ನು ಕರೆದುಕೊಂಡು ಹೋದ.

ಕೆಂಚಿ ಗೋಧಿ ಬಣ್ಣದವಳು. ಎರಡು ತೋಳಗಳನ್ನು ಒಬ್ಬಳೇ ಓಡಿಸಿದವಳು. ಆ ಜಗಳದಲ್ಲಿ ಹಿಂಗಾಲಿಗೆ ಪೆಟ್ಟಾಗಿ, ನಡೆದರೆ ಮೂರು ಹೆಜ್ಜೆ ಸರಿಯಾಗಿ ಬೀಳುತ್ತಿದ್ದವು, ನಾಲ್ಕನೆಯದು ಚೂರು ಎಳೆದಂತೆ. ಕಣ್ಣು ಮುಚ್ಚಿಕೊಂಡಿದ್ದರೂ ಅಂಗಳದಲ್ಲಿ ಬಂದವಳು ಕೆಂಚಿ ಎಂದು ಗೊತ್ತಾಗುತ್ತಿತ್ತು. ಅರಸೀಕೆರೆಯ ಮನೆಯಲ್ಲಿ ಆಗ ಯಜಮಾನ ಗಂಗಪ್ಪ. ಅವನ ಹೊಸ ಗಂಡುನಾಯಿ ಸರದಾರ. ಎಲ್ಲವೂ ಸಲೀಸಾಗಿ ನಡೆದು, ಮೂರನೆಯ ಬೆಳಿಗ್ಗೆ ಮೈಲಪ್ಪ ಹಗ್ಗ ಬಿಚ್ಚಿ ನಡುವಿಗೆ ಸುತ್ತಿಕೊಂಡು ಹೊರಟ. ಹಿಂದೆ ಮೂರು ಹೆಜ್ಜೆ, ಒಂದು ಎಳೆತ. ಉಜ್ಜಿನಿಯಲ್ಲಿ ಗುಡಿಯ ಹತ್ತಿರ ಕೂತು ರೊಟ್ಟಿ ಮುರಿದು ಬೆನ್ನ ಹಿಂದೆ ಇಟ್ಟ. ಎದ್ದಾಗ ಕೈಯಿಂದ ತಡವಿ ನೋಡಿದ, ರೊಟ್ಟಿ ಇರಲಿಲ್ಲ. ಕೊಟ್ಟೂರಿನ ಕಲ್ಲುಹಾಸಿನ ಬೀದಿಯಲ್ಲಿ ಉಗುರು ತಾಗುವ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಮಣ್ಣಿನ ದಾರಿಯಲ್ಲಿ ಮೆತ್ತಗೆ ಕೇಳಿಸಿತು. ಮೂರನೆಯ ದಿನ ಮಧ್ಯಾಹ್ನ ಮನೆಯ ಹೊಸ್ತಿಲಿಗೆ ಬಂದು ನಿಂತ.

ಉಚ್ಚಂಗೆಮ್ಮ ದೋಣಿ ಹಿಡಿದು ಒಳಗಿನಿಂದ ಬಂದಳು. ಗಂಡನ ಭುಜದಾಚೆ ನೋಡಿದಳು. ದಾರಿ ಇತ್ತು, ಬೇಲಿ ಇತ್ತು. ಅಷ್ಟೇ.

ಆಕೆ ದೋಣಿ ಹಿಡಿದೇ ನಿಂತಳು. ಅವನೂ ನಿಂತ. ಎಷ್ಟು ಹೊತ್ತು ಎಂದು ಇಬ್ಬರಿಗೂ ಗೊತ್ತಿಲ್ಲ. ದೋಣಿಯ ಹಾಲಿನ ಮೇಲೆ ಒಂದು ನೊಣ ಬಂದು ಕೂತಿತು, ಆಕೆ ಅದನ್ನು ಓಡಿಸಲಿಲ್ಲ. ಅವನು ಹೆಂಡತಿಯ ತುಟಿಗಳನ್ನೇ ನೋಡುತ್ತಿದ್ದ. ಕೊನೆಗೆ ಅವನೇ, "ಅನ್ನಲೇ, ಯಾಕ ನಿಂತಿ?" ಎಂದ. ಆಕೆ ತಲೆಯಾಡಿಸಿ ದೋಣಿಯನ್ನು ಒಳಗೆ ಒಯ್ದುಬಿಟ್ಟಳು.

"ದೋಣಿ ಕೈಯಾಗಿತ್ತು ಅಕ್ಕಾರ," ಎಂದು ಆಕೆ ನನಗೆ ಹೇಳಿದಳು. "ಸ್ವಾಮಿ ದೋಣಿ ಹಿಡಕಂಡು ಇಲ್ಲದಾಕಿನ್ನ ಬಾ ಅಂತ ಹೆಂಗ ಕರೀಲಿ?"

ಮೈಲಪ್ಪ ನೀರನ್ನೂ ಕುಡಿಯದೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋದ. ಕೊಟ್ಟೂರಿನಲ್ಲಿ ಕೇಳಿದ, ದಾರಿಯ ಹಟ್ಟಿಗಳಲ್ಲಿ ಕೇಳಿದ. ಉಜ್ಜಿನಿಯಲ್ಲಿ ಗುಡಿಯ ಮುಂದೆ ಹೂವು ಮಾರುವ ಮುದುಕಿ ಅವನ ಗುರುತು ಹಿಡಿದಳು. ಮೊನ್ನೆ ಇಲ್ಲೇ ಕೂತು ಉಂಡೆಯಲ್ಲ, ಹಿಂದೆ ರೊಟ್ಟಿ ಇಟ್ಟೆಯಲ್ಲ, ಅದನ್ನು ಕೋತಿ ಒಯ್ದಿತು ಎಂದಳು. ನಾಯಿ ಎಲ್ಲಿತ್ತು ಎಂದು ಇವನು ಕೇಳಿದ. ಯಾವ ನಾಯಿ, ನೀನು ಒಬ್ಬನೇ ಬಂದೆ, ಒಬ್ಬನೇ ಹೋದೆ ಎಂದಳು.

ಅಂದರೆ ಕೆಂಚಿ ಮೊದಲ ದಿನವೇ, ಉಜ್ಜಿನಿಗೂ ಮುಂಚೆಯೇ ಎಲ್ಲೋ ತಪ್ಪಿದ್ದಳು. ಹಾಗಾದರೆ ಉಜ್ಜಿನಿಯಿಂದ ಮನೆಯವರೆಗೆ ಹಿಂದೆ ನಡೆದು ಬಂದದ್ದು ಏನು? ಮೈಲಪ್ಪ ಈ ಪ್ರಶ್ನೆಯನ್ನು ಹೂವಿನ ಮುದುಕಿಗೆ ಕೇಳಲಿಲ್ಲ. ಅರಸೀಕೆರೆಯವರೆಗೂ ಹುಡುಕಿ, ಸಿಗದೆ, ಅದೇ ದಾರಿಯಲ್ಲಿ ವಾಪಸು ಹೊರಟ. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸಪ್ಪಳ ಶುರುವಾಯಿತು. ಮೂರು ಹೆಜ್ಜೆ, ಒಂದು ಎಳೆತ.

ಅವನು ತಿರುಗಲಿಲ್ಲ. ಹೆದರಿಕೆಯಿಂದ ಅಲ್ಲ ಎಂದು ನನಗೆ ಎರಡು ಸಲ ಹೇಳಿದ. ಅವನ ಲೆಕ್ಕ ನೇರವಾಗಿತ್ತು. ದಾರಿ ಮುಗಿಸುವ ಮಾತು ಇನ್ನೂ ಬಿದ್ದಿಲ್ಲ. ಹಾಗಾದರೆ ದಾರಿ ಇನ್ನೂ ಮುಗಿದಿಲ್ಲ. ದಾರಿಯಲ್ಲಿ ಇರುವಾಗ ತಿರುಗಿ ನೋಡಿದರೆ ಅವಳು ಮನೆಯವಳಲ್ಲ ಎಂದು ತಾನೇ ಹೇಳಿದಂತೆ. ಕೆಂಚಿ ಎಲ್ಲೋ ಸತ್ತಿರಬಹುದು, ಯಾರೋ ಕಟ್ಟಿಹಾಕಿರಬಹುದು. ಏನೇ ಆಗಿರಲಿ, ಅವಳ ಮಟ್ಟಿಗೆ ಅವಳು ಮನೆಗೆ ಬರುತ್ತಿದ್ದಾಳೆ. ಬರುವವಳಿಗೆ ಬೆನ್ನು ಕಾಣಬೇಕು.

ಹೀಗೆ ಆರು ವರ್ಷ ಹೋಯಿತು. ಕುರಿ ಮೇಯಿಸುವಾಗ, ಹೊಳೆಗೆ ಹೋಗುವಾಗ, ಸಂತೆಗೆ ಹೋಗುವಾಗ ಸಪ್ಪಳ ಹಿಂದೆ ಇತ್ತು. ಹೊಸ್ತಿಲು ದಾಟಿ ಒಳಗೆ ಬಂದರೆ ನಿಲ್ಲುತ್ತಿತ್ತು. ಒಳಗೆ ಬರಲು ಅವಳನ್ನು ಯಾರೂ ಕರೆದಿರಲಿಲ್ಲ. ಮಳೆ ಬಂದ ದಿನ ಮೈಲಪ್ಪ ಹೊಸ್ತಿಲ ಹೊರಗೆ ಒಂದು ಗೋಣಿಚೀಲ ಹಾಸುತ್ತಿದ್ದ. ಬೆಳಿಗ್ಗೆ ಉಚ್ಚಂಗೆಮ್ಮ ಆ ಚೀಲ ಒಣಗಿಸುತ್ತಿದ್ದಳು.

ಮನೆಯಲ್ಲಿ ಉಳಿದದ್ದು ಕೆಂಚಿಯ ಹಿಂದಿನ ಸೂಲಿನ ಮಗಳು, ಬೂದಿ. ಸರದಾರ ಬರುವ ಮೊದಲು ಗಂಗಪ್ಪನಲ್ಲಿದ್ದ ಹಳೆಯ ನಾಯಿಗೆ ಹುಟ್ಟಿದವಳು. ಬೂದಿ ಬೆದೆಗೆ ಬಂದಾಗಲೆಲ್ಲ ಮೈಲಪ್ಪ ಈ ಸಲ ಬೇಡ, ಮುಂದಿನ ಸಲ ನೋಡೋಣ ಎನ್ನುತ್ತಿದ್ದ. ಹಿಂದೆ ಒಬ್ಬಳು ಬರುತ್ತಿರುವಾಗ ಇನ್ನೊಬ್ಬಳನ್ನು ಅದೇ ದಾರಿಗೆ ಹೇಗೆ ಕರೆದೊಯ್ಯುವುದು? ಎರಡು ಸಾವಿರದ ಇಸವಿಯಲ್ಲಿ ಒಮ್ಮೆ ಹೆಂಡತಿಯ ಮಾತಿಗೆ ಒಪ್ಪಿ ಟೆಂಪೊದಲ್ಲಿ ಕರೆದೊಯ್ದ. ಬೂದಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಗಂಗಪ್ಪನ ಮನೆಯಲ್ಲಿ ಮಂಚದ ಕೆಳಗೆ ನುಸುಳಿ ನಡುಗುತ್ತ ಕೂತಳು. ಸರದಾರ ಹತ್ತಿರ ಬಂದರೆ ಹಲ್ಲು ತೋರಿಸಿದಳು. ಎರಡು ದಿನ ಕಾದು ಹಾಗೆಯೇ ವಾಪಸು ತಂದರು.

ಬರುವಾಗ ಇನ್ನೊಂದು ಸಂಗತಿ ನಡೆಯಿತು. ಟೆಂಪೊ ಓಡುವಾಗ ಸಪ್ಪಳ ಇರಲಿಲ್ಲ. ಮೈಲಪ್ಪನ ಎದೆ ಹಗುರಾಯಿತು. ಕೊಟ್ಟೂರಿನಲ್ಲಿ ಚಹಾಕ್ಕೆಂದು ಟೆಂಪೊ ನಿಂತಿತು. ಅವನು ಇಳಿದು ನಿಂತ ಸ್ವಲ್ಪ ಹೊತ್ತಿಗೆ ಹಿಂದೆ ದೂರದಿಂದ ಓಡಿ ಬರುವ ಸಪ್ಪಳ ಕೇಳಿಸಿತು. ಬಂದು ಬೆನ್ನ ಹಿಂದೆ ನಿಂತಿತು. ಏದುಸಿರು ಕೇಳಿಸುತ್ತಿತ್ತು. ಅವನು ಚಹಾ ಲೋಟವನ್ನು ಕುಡಿಯದೆ ಕೆಳಗಿಟ್ಟ. ಕುಂಟು ಕಾಲಿನವಳನ್ನು ಅಷ್ಟು ದೂರ ಓಡಿಸಿದೆ ಎಂದು ಅವನಿಗೆ ಮನಸ್ಸು ತಡೆಯಲಿಲ್ಲ. ಆಮೇಲೆ ವರ್ಷಗಟ್ಟಲೆ ಗಾಡಿ ಹತ್ತಲಿಲ್ಲ.

ಎರಡು ಸಾವಿರದ ಮೂರರ ಚಳಿಗಾಲದ ಕೊನೆಗೆ ಗಂಗಪ್ಪನಿಂದ ಸುದ್ದಿ ಬಂತು. ಅವನ ಮಕ್ಕಳು ಕುರಿ ಮಾರಿ ಟ್ರ್ಯಾಕ್ಟರ್ ತಂದಿದ್ದರು, ಅವರಿಗೆ ನಾಯಿ ಬೇಡ. ಸರದಾರನಿಗೆ ಕಣ್ಣು ಮಂಜಾಗಿದೆ, ಹಿಂಗಾಲು ಬಿದ್ದಿವೆ, ಇನ್ನೊಂದು ಬೇಸಿಗೆ ಕಾಣುವುದು ಕಷ್ಟ. ಅವನ ನಂತರ ಆ ಮನೆಯಲ್ಲಿ ಗಂಡುನಾಯಿ ಇರುವುದಿಲ್ಲ. ಈ ಕಡೆ ಬೂದಿಗೆ ಏಳು ತುಂಬಿತ್ತು, ಒಂದು ಮರಿಯನ್ನೂ ಹಾಕಿರಲಿಲ್ಲ. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಅಜ್ಜಂದಿರು ದೋಣಿ ಮುಟ್ಟಿ ಬೆಳೆಸಿದ ಕುಲ ಬೂದಿಗೇ ನಿಲ್ಲುತ್ತಿತ್ತು.

ಆಗ ಬಂದವನು ಯರ್ರೆಪ್ಪ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾದವನು. ಸುತ್ತಲಿನ ಹಳ್ಳಿಗಳ ಆಕಳು, ಎಮ್ಮೆಗಳಿಗೆ ಹೋರಿಯಿಲ್ಲದೆ ಇಂಜೆಕ್ಷನ್ ಮಾಡಿ ಗಬ್ಬ ನಿಲ್ಲಿಸುವುದರಲ್ಲಿ ಪಳಗಿದ ಕೈ. ನಾಯಿಗೂ ಹಾಗೆ ಮಾಡಬಹುದು, ತಾನು ಒಬ್ಬ ದೊಡ್ಡ ಡಾಕ್ಟರ ಜೊತೆ ನಿಂತು ನೋಡಿದ್ದೇನೆ ಎಂದ. ಸರದಾರನ ಬೀಜವನ್ನು ಕೆನೆ ತೆಗೆದು ಕಾಸಿ ಆರಿಸಿದ ಹಾಲಿನಲ್ಲಿ ಕಲೆಸಿ, ಸಣ್ಣ ಸೀಸೆಯಲ್ಲಿ ತುಂಬಿ, ಫ್ಲಾಸ್ಕಿನಲ್ಲಿ ತಂಪಾಗಿಟ್ಟು ತರುವುದು. ಅರ್ಧ ದಿನದೊಳಗೆ ಬೂದಿಗೆ ಸೇರಿಸುವುದು. ಬೂದಿ ಮನೆಬಿಟ್ಟು ಕದಲಬೇಕಿಲ್ಲ.

ಮೈಲಪ್ಪ ಒಪ್ಪಲಿಲ್ಲ. ಯರ್ರೆಪ್ಪ ಮೂರು ದಿನ ಬಂದು ಕೂತ.

"ಮಾವಾ, ಹೋರಿ ಮಕಾ ನೋಡದ ಎಷ್ಟು ಆಕಳ ಈದಾವು ನಿಮ್ಮೂರಾಗ? ನಿನ್ನ ಮನಿ ಆಕಳ ಸೈತ. ಆ ಕರಾ ಏನ್ ಸಂಜಿಗೆ ಮನಿ ದಾರಿ ತಪ್ಪತಾವ?"

"ಅವು ಹಗ್ಗದಾಗಿನ ಜೀವ ಯರ್ರೆಪ್ಪ. ಇವು ಬಿಟ್ಟು ನಡಿಯೋವು."

"ಹಂಗಾರ ನೀ ನಡಸು. ಕರಕಂಡು ಹೋಗು. ಯಾಕ ಹೋಗವಲ್ಲಿ?"

ಒಳಗಿನಿಂದ ಉಚ್ಚಂಗೆಮ್ಮ ಹೊರಗೆ ಬಂದು, ನಾಳೆಗೆ ಬೂದಿ ಬೆದೆಗೆ ಬಂದು ಒಂಬತ್ತು ದಿನ, ಹೊತ್ತು ಮೀರುತ್ತದೆ ಎಂದಷ್ಟೇ ಹೇಳಿ ಹೋದಳು. ಆಗ ಮೈಲಪ್ಪ ಒಂದು ಕರಾರು ಹಾಕಿದ. ಆ ಫ್ಲಾಸ್ಕು ತನ್ನ ಕೈಯಲ್ಲೇ ಬರಬೇಕು. ದೊಡ್ಡ ದಾರಿಗೆ ಬಸ್ಸು ಆಗಲಿ, ಆದರೆ ಬಸ್ಸಿಳಿದ ಮೇಲೆ ಮನೆಯವರೆಗಿನ ಎರಡು ಮೈಲಿಯನ್ನು ತಾನು ನಡೆದೇ ಬರುತ್ತೇನೆ. ಯರ್ರೆಪ್ಪ ಇಷ್ಟೇನಾ ಎಂದು ನಕ್ಕ.

ಇಬ್ಬರೂ ಮುಂಚಿನ ದಿನವೇ ಹೋಗಿ ಅರಸೀಕೆರೆಯಲ್ಲಿ ಉಳಿದರು. ಗಂಗಪ್ಪ ಬಾಗಿಲಲ್ಲೇ ಹಿಡಿದ. "ಏನ್ ಬೀಗರ, ಮಗಳನ್ನ ಮನ್ಯಾಗ ಬಿಟ್ಟು ಡಬ್ಬಿ ಹಿಡ್ಕಂಡು ಬಂದೀರಲ್ಲ?" ಎಂದ. ಎಂದವನು ತಾನೇ ನಗುವುದನ್ನು ನಿಲ್ಲಿಸಿ, ಮೈಲಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಬೆಳಿಗ್ಗೆ ಯರ್ರೆಪ್ಪ ಬೂದಿ ಮಲಗುತ್ತಿದ್ದ ಕಂಬಳಿಯ ತುಂಡೊಂದನ್ನು ಚೀಲದಿಂದ ತೆಗೆದು ಸರದಾರನ ಮೂಗಿನ ಮುಂದೆ ಹಿಡಿದ. ಏಳಲಾರದೆ ಮಲಗಿದ್ದ ನಾಯಿ ಎದ್ದು ನಿಂತಿತು. ಕುರುಡುಗಣ್ಣಿನಿಂದ ಅತ್ತಿತ್ತ ಹುಡುಕಿತು. ಕೆಲಸ ಮುಗಿದ ಮೇಲೂ ಕಂಬಳಿಯನ್ನು ಹಲ್ಲಿನಿಂದ ಬಿಡಲಿಲ್ಲ. ಹುಡುಕಿದ್ದು ಸಿಗದೆ ಕೊನೆಗೆ ಅದರ ಮೇಲೆ ಗದ್ದ ಇಟ್ಟು ಮಲಗಿತು. ಆ ತುಂಡನ್ನು ಅಲ್ಲೇ ಬಿಟ್ಟು ಬಂದರು. ಮೈಲಪ್ಪ ನಾಯಿಯ ತಲೆ ಮುಟ್ಟಿ ಆ ಕೈಯನ್ನು ಹಣೆಗೆ ಒತ್ತಿಕೊಂಡ.

ಬಸ್ಸಿನಲ್ಲಿ ಅವನು ಫ್ಲಾಸ್ಕನ್ನು ಕಂಬಳಿಯ ಒಳಗೆ ಎದೆಗವಚಿಕೊಂಡು ಕೂತಿದ್ದ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿದರು. ಯರ್ರೆಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಇಳಿದ. ಅವನ ಮೊಪೆಡ್ ಮತ್ತು ಸಾಮಾನು ಅಲ್ಲಿದ್ದವು. ಮೈಲಪ್ಪ ಅದೇ ಬಸ್ಸಿನಲ್ಲಿ ಮುಂದುವರಿದು ತಮ್ಮ ಮನೆಯ ಮಣ್ಣಿನ ದಾರಿ ಸೇರುವ ಸ್ಟಾಪಿನಲ್ಲಿ ಇಳಿದ. ಆಗ ಮಧ್ಯಾಹ್ನ ಒಂದು ಗಂಟೆ. ಇನ್ನು ನಡೆದರೆ ಆಯಿತು.

ಅವನು ನಡೆಯಲಿಲ್ಲ. ಬೇವಿನ ಮರದ ಕೆಳಗೆ ಮನೆಯ ಕಡೆ ಮುಖ ಮಾಡಿ ನಿಂತ. ಅರಸೀಕೆರೆಯಿಂದ ಇಲ್ಲಿಯವರೆಗೆ ಅವನು ಬಸ್ಸಿನಲ್ಲಿ ಬಂದಿದ್ದ. ಹಿಂದಿನವಳು ಇನ್ನೂ ಬಂದು ಮುಟ್ಟಿರಲಿಲ್ಲ.

ಯರ್ರೆಪ್ಪ ಮೊಪೆಡ್ಡಿನಲ್ಲಿ ಬಂದಾಗ ಮೈಲಪ್ಪ ಹಾಗೆಯೇ ನಿಂತಿದ್ದ. ಯಾಕೆ ನಿಂತೆ, ಸೀಸೆ ಕೆಡುತ್ತದೆ ಎಂದು ಯರ್ರೆಪ್ಪ ಕೇಳಿದ. ಕೆಟ್ಟರೆ ಮತ್ತೆ ಸರದಾರನ ಹತ್ತಿರ ಹೋಗುವ ಹಾಗಿಲ್ಲ, ಅವನಲ್ಲಿ ಇದ್ದದ್ದೇ ಇಷ್ಟು ಎಂದ. ಫ್ಲಾಸ್ಕು ಕೊಡು, ನಾನು ಒಯ್ಯುತ್ತೇನೆ ಎಂದು ಕೈ ನೀಡಿದ. ಮೈಲಪ್ಪ ಕೊಡಲಿಲ್ಲ. ಸ್ವಲ್ಪ ತಡೆ, ಬರುವವರಿದ್ದಾರೆ ಎಂದ. ಯರ್ರೆಪ್ಪ ರಸ್ತೆಯ ಎರಡೂ ಕಡೆ ನೋಡಿದ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಎತ್ತಿನ ಗಾಡಿಯೂ ಇರಲಿಲ್ಲ. ಅವನು ಬೈದುಕೊಂಡು, ಮೊಪೆಡ್ ಏರಿ, ಬೂದಿಯನ್ನು ಸಜ್ಜು ಮಾಡುತ್ತೇನೆ ಎಂದು ಮುಂದೆ ಹೋದ.

"ಆಗ ನನಗ ಎರಡೂ ಗೊತ್ತಿತ್ರಿ," ಎಂದು ಮೈಲಪ್ಪ ನನಗೆ ಹೇಳಿದ. "ಎದಿ ಮ್ಯಾಲೆ ಹುಟ್ಟೋವು ಸಾಯಾಕ ಹತ್ಯಾವ. ಬೆನ್ನ ಹಿಂದ ಸತ್ತಾಕಿ ಬರಾಕ ಹತ್ಯಾಳ. ಯಾರಿಗೆ ತಡಿ ಅನ್ನಲಿ?"

ಮುಕ್ಕಾಲು ಗಂಟೆ ನಿಂತ. ಕೊನೆಗೆ ದೂರದಲ್ಲಿ ಸಪ್ಪಳ ಕೇಳಿಸಿತು. ಈ ಸಲ ಓಟ ಇರಲಿಲ್ಲ. ನಡಿಗೆಯೂ ಸರಿಯಾಗಿರಲಿಲ್ಲ. ಎರಡು ಹೆಜ್ಜೆ, ಎಳೆತ, ನಿಲುಗಡೆ. ಮತ್ತೆ ಒಂದು ಹೆಜ್ಜೆ, ಎಳೆತ. ಅದು ಬೆನ್ನ ಹಿಂದೆ ಬಂದು ಸೇರುವವರೆಗೆ ಕಾದು, ಅವನು ನಡೆಯತೊಡಗಿದ. ಬೇಗ ನಡೆದರೆ ಅವಳು ಹಿಂದೆ ಬೀಳುತ್ತಿದ್ದಳು. ನಿಧಾನ ನಡೆದರೆ ಸೀಸೆ. ಆ ಎರಡು ಮೈಲಿಯನ್ನು ಹೇಗೆ ನಡೆದೆ ಎಂದು ಅವನಿಗೆ ಈಗಲೂ ಹೇಳಲು ಬರುವುದಿಲ್ಲ.

ಮನೆಯಲ್ಲಿ ಯರ್ರೆಪ್ಪ ಕೈಗೆ ಗವಸು ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದ. ಉಚ್ಚಂಗೆಮ್ಮ ಗೂಡಿನಲ್ಲಿದ್ದ ದೋಣಿಯನ್ನು ತೆಗೆದು ತೊಳೆದು ಹಾಲು ಹಾಕಿ ಇಟ್ಟುಕೊಂಡಿದ್ದಳು. ಯಾಕೆ ಹಾಗೆ ಮಾಡಿದಳು ಎಂದು ನಾನು ಕೇಳಿದೆ. ಬೀಗರ ಮನೆಯಿಂದ ಗಂಡ ಬರುತ್ತಿದ್ದಾನೆ, ಕೈಯಲ್ಲಿ ಏನಿದ್ದರೂ ಬರಿಗೈಯಲ್ಲಿ ಎದುರುಗೊಳ್ಳಲು ಮನಸ್ಸಾಗಲಿಲ್ಲ ಎಂದಳು. ಆರು ವರ್ಷ ಆ ದೋಣಿಯಲ್ಲಿ ಹಾಲು ಬಿದ್ದಿರಲಿಲ್ಲ.

ಮೈಲಪ್ಪ ಹೊಸ್ತಿಲ ಹೊರಗೆ ಬಂದು ನಿಂತ. ಒಳಗೆ ಬರಲಿಲ್ಲ. ಫ್ಲಾಸ್ಕು ಎದೆಯ ಮೇಲೆಯೇ ಇತ್ತು. ಉಚ್ಚಂಗೆಮ್ಮ ದೋಣಿ ಹಿಡಿದು ಎದುರು ಬಂದಳು. ಅವನ ಕಣ್ಣು ಆಕೆಯ ತುಟಿಯ ಮೇಲೆ ನಿಂತಿತು. ಆರು ವರ್ಷದ ಹಿಂದೆ ನಿಂತ ಹಾಗೆಯೇ. ಆಕೆಗೆ ಆಗ ತಿಳಿಯಿತು. ಗಂಡ ಅವತ್ತಿನಿಂದ ಇವತ್ತಿನವರೆಗೆ ಮನಸ್ಸಿನಲ್ಲಿ ಒಳಗೆ ಬಂದೇ ಇಲ್ಲ, ಒಳಗೆ ಉಂಡರೂ ಮಲಗಿದರೂ ಅವನು ಹೊಸ್ತಿಲ ಆಚೆಯೇ. ಆಕೆ ಅವನ ಭುಜದಾಚೆ ನೋಡಿದಳು. ದಾರಿ ಇತ್ತು, ಬೇಲಿ ಇತ್ತು. ಒಳಗಿನಿಂದ ಯರ್ರೆಪ್ಪ ಹೊತ್ತಾಯಿತು, ಹೊತ್ತಾಯಿತು ಎನ್ನುತ್ತಿದ್ದ.

ಅಷ್ಟರಲ್ಲಿ ಬೂದಿ ಯರ್ರೆಪ್ಪನ ಕೈಯಿಂದ ಬಿಡಿಸಿಕೊಂಡು ಹೊರಗೆ ಬಂದಳು. ಮೈಲಪ್ಪನ ಕಾಲ ಪಕ್ಕದಿಂದ ದಾಟಿ ಹಿಂದೆ ಹೋದಳು. ಅಲ್ಲಿ ದಾರಿಯಲ್ಲಿ ನಿಂತು ನೆಲಕ್ಕೆ ಮೂಗು ಹಚ್ಚಿದಳು. ಆಮೇಲೆ ಮರಿಗಳು ತಾಯಿಯ ಮುಂದೆ ಮಾಡುವ ಹಾಗೆ ಕಿವಿ ಮಡಿಸಿ, ಹೊಟ್ಟೆ ನೆಲಕ್ಕೆ ತಾಗಿಸಿ, ಬಾಲ ಆಡಿಸಿದಳು. ಏಳು ವರ್ಷದ ನಾಯಿ ಹಾಗೆ ಮಾಡುವುದನ್ನು ಉಚ್ಚಂಗೆಮ್ಮ ನೋಡಿರಲಿಲ್ಲ. ನಂತರ ಎದ್ದು ಮೈಲಪ್ಪನ ಬೆನ್ನ ಹಿಂದೆ ಬಂದು ನಿಂತಳು.

"ಬಾರವ್ವ," ಎಂದಳು ಉಚ್ಚಂಗೆಮ್ಮ.

ಅದು ಸುಳ್ಳಾಗಿರಲಿಲ್ಲ. ಹಿಂದಿನಿಂದ ಬಂದವಳು ಬೂದಿ, ಹಗ್ಗವಿಲ್ಲದೆ ಬಂದವಳು. ಬೂದಿ ಹೊಸ್ತಿಲಿಗೆ ಬಂದು ದೋಣಿಯ ಹಾಲನ್ನು ಕುಡಿದಳು. ಅರ್ಧ ಕುಡಿದು, ಮಿಕ್ಕದ್ದನ್ನು ಬಿಟ್ಟು ಒಳಗೆ ಹೋದಳು. ಇನ್ನು ಮೈಲಪ್ಪ ತಿರುಗಬಹುದಿತ್ತು. ಅವನು ತಿರುಗಲಿಲ್ಲ.

"ಉಚ್ಚಂಗಿ," ಎಂದ. "ಇನ್ನೊಂದ್ಸಲ ಅನ್ನು."

ಆಕೆಯ ಕೈಯಲ್ಲಿ ದೋಣಿ ಇತ್ತು, ದೋಣಿಯಲ್ಲಿ ಅರ್ಧ ಹಾಲು ಇತ್ತು. ಆರು ವರ್ಷದ ಹಿಂದೆ ಯಾವ ಕಾರಣಕ್ಕೆ ಬಾಯಿ ಕಟ್ಟಿತ್ತೋ ಆ ಕಾರಣ ಹಾಗೆಯೇ ಇತ್ತು. ಆಕೆ ಸ್ವಾಮಿಯನ್ನು ನೆನೆದಳು. ತಪ್ಪಾದರೆ ನನ್ನ ತಲೆಯ ಮೇಲಿರಲಿ ಎಂದುಕೊಂಡಳು. ಖಾಲಿ ದಾರಿಯನ್ನು ನೋಡಿ ಎರಡನೆಯ ಸಲ ಕರೆದಳು.

ಮೈಲಪ್ಪ ತಿರುಗಿದ. ಏನು ನೋಡಿದ ಎಂದು ಹೆಂಡತಿಗೂ ಹೇಳಿಲ್ಲ. ಒಂದು ಗಳಿಗೆ ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು ನಿಂತ. ಆಮೇಲೆ ತಾನು ಒಳಗೆ ಬಂದು ಫ್ಲಾಸ್ಕನ್ನು ಯರ್ರೆಪ್ಪನ ಕೈಗೆ ಕೊಟ್ಟ.

ಯರ್ರೆಪ್ಪ ತನ್ನ ಕೆಲಸ ಮಾಡಿದ. ಬೂದಿಯ ಹಿಂಗಾಲುಗಳನ್ನು ಎತ್ತಿ ಹಿಡಿದು ಕಾಲು ಗಂಟೆ ನಿಂತುಕೊಳ್ಳುವ ಪಾಳಿ ಮೈಲಪ್ಪನದಾಯಿತು. ಸೀಸೆಯಲ್ಲಿ ಜೀವ ಉಳಿದಿರುವುದು ಅನುಮಾನ ಎಂದು ಯರ್ರೆಪ್ಪ ಹೇಳಿ ಹೋದ. ಅರವತ್ತೆರಡನೆಯ ದಿನ ಬೂದಿ ಎರಡು ಮರಿ ಹಾಕಿದಳು. ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಗೋಧಿ ಬಣ್ಣದ್ದು. ಅಷ್ಟರಲ್ಲಿ ಸರದಾರ ಸತ್ತಿದ್ದ. ಅವನ ಬಾಯಲ್ಲಿದ್ದ ಕಂಬಳಿ ತುಂಡನ್ನು ಜೊತೆಗೇ ಹೂಳಿದೆ ಎಂದು ಗಂಗಪ್ಪ ಹೇಳಿ ಕಳಿಸಿದ್ದ.

ಅವತ್ತಿನಿಂದ ದಾರಿಯಲ್ಲಿ ಮೈಲಪ್ಪನ ಹಿಂದೆ ಸಪ್ಪಳ ನಿಂತಿತು. ಸಂತೆಯಲ್ಲಿ ಅವನು ಈಗ ಎಲ್ಲರ ಹಾಗೆ ನಡೆಯುತ್ತಾನೆ. ಆದರೂ ಕೆಲವು ಸಲ ಅಭ್ಯಾಸಬಲದಿಂದ ಅಂಚಿಗೆ ಸರಿದು ನಿಲ್ಲುತ್ತಾನೆ. ಆಮೇಲೆ ಹಿಂದೆ ಯಾರೂ ಇಲ್ಲವೆಂದು ನೆನಪಾಗಿ, ಮುಖ ಸಣ್ಣದು ಮಾಡಿಕೊಂಡು ನಡೆಯುತ್ತಾನೆ ಎಂದು ನೋಡಿದವರು ಹೇಳುತ್ತಾರೆ.

ಉಚ್ಚಂಗೆಮ್ಮ ಇದೆಲ್ಲ ಹೇಳಿ ಮುಗಿಸಿದ ಸೋಮವಾರ, ಇನ್ನೂ ಒಂದು ಮಾತು ಉಳಿದಿದೆ ಎನ್ನುವಂತೆ ಕಂಬಕ್ಕೆ ಒರಗಿಯೇ ಕೂತಿದ್ದಳು. ಬೆಳಗಿನ ಹೊತ್ತು ಹಾಲು ಕರೆದು ಒಳಗೆ ಬಂದಾಗ ಕೇಳಿಸುತ್ತದೆ ಎಂದಳು. ಬೂದಿ ಮತ್ತು ಹೆಣ್ಣು ಮರಿ ಇಬ್ಬರೂ ಕುರಿಯ ಜೊತೆ ಹೊರಗೆ ಹೋಗಿರುತ್ತಾರೆ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಉಗುರಿನ ಸಪ್ಪಳ. ಮೂರು ಹೆಜ್ಜೆ, ಒಂದು ಎಳೆತ. ಒಲೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಗಂಡನಿಗೆ ಈಗ ಕೇಳಿಸುವುದಿಲ್ಲ, ತನಗೆ ಮಾತ್ರ. ಆಕೆ ದೋಣಿಯಲ್ಲಿ ಒಂದು ಗುಟುಕು ಹಾಲು ಹಾಕಿ ಇಡುತ್ತಾಳೆ. ಸಂಜೆಯವರೆಗೆ ಅದು ಹಾಗೆಯೇ ಇರುತ್ತದೆ, ಆಕೆ ಅದನ್ನು ತುಳಸಿಗೆ ಹಾಕುತ್ತಾಳೆ. ಗುಡಿಗೆ ಹೋಗಿ ಕೇಳಬಾರದೇ, ಶಾಂತಿ ಮಾಡಿಸಬಾರದೇ ಎಂದು ನಾನು ಮೆಲ್ಲಗೆ ಕೇಳಿದೆ.

"ನಾನ ಕರದೀನಿ ಅಕ್ಕಾರ," ಎಂದಳು. "ದೋಣಿ ಹಿಡದು ಕರದೀನಿ. ಬಂದ ಮ್ಯಾಲೆ ಹೋಗು ಅನ್ನಾಕ ಬರ್ತೈತೇನು?"

ಎರಡು ಸಾವಿರದ ನಾಲ್ಕರಲ್ಲಿ ಒಂದು ಬೆಳಿಗ್ಗೆ ಆಕೆಗೆ ಜ್ವರವೆಂದು ನಾನೇ ಹಾಲಿಗೆ ಅವರ ಮನೆಗೆ ಹೋಗಿದ್ದೆ. ಗೋಧಿ ಬಣ್ಣದ ಹೆಣ್ಣು ದೊಡ್ಡದಾಗಿ, ಮೊದಲ ಸಲ ಬೆದೆಗೆ ಬಂದಿತ್ತು, ಅದನ್ನು ಅಂಗಳದಲ್ಲಿ ಕಟ್ಟಿಹಾಕಿದ್ದರು. ಗಂಡು ಎಲ್ಲಿಂದ ಎಂದು ಕೇಳಿದೆ. ಹಡಗಲಿ ಕಡೆಯ ಒಂದು ಹಟ್ಟಿಯಲ್ಲಿ ಒಳ್ಳೆಯ ನಾಯಿ ಇದೆಯಂತೆ, ಯರ್ರೆಪ್ಪ ಫ್ಲಾಸ್ಕು ತೊಳೆದು ಕಾಯುತ್ತಿದ್ದಾನೆ ಎಂದು ಮೈಲಪ್ಪ ನಕ್ಕ. ಅವನು ಹೊಸ ಕರಿ ಉಣ್ಣೆಯ ಹಗ್ಗ ಹೊಸೆಯುತ್ತ ಕೂತಿದ್ದ. ನಡೆಸಿಕೊಂಡು ಹೋಗುತ್ತೀಯಾ ಎಂದು ಕೇಳಿದೆ. ಹೂಂ ಎಂದ. ಬರುವಾಗ ತಿರುಗಿ ನೋಡುತ್ತೀಯಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಉಚ್ಚಂಗೆಮ್ಮ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈಲಪ್ಪ ಹಾಲು ಕರೆದು ತರುವವರೆಗೆ ನಾನು ಬಾಗಿಲಿಗೆ ಅಡ್ಡವಾಗಿ, ಚೌಕಟ್ಟಿಗೆ ಒರಗಿ ಕೂತೆ. ಬಿಸಿಲು ಹಿತವಾಗಿತ್ತು. ಸ್ವಲ್ಪ ಹೊತ್ತಿಗೆ ಆಕೆ ಕಣ್ಣು ತೆರೆಯದೆಯೇ ಕೈ ಎತ್ತಿ ನನ್ನ ಕಡೆ ಆಡಿಸಿದಳು.

"ಚೂರು ಈ ಕಡಿ ಸರೀರಿ ಅಕ್ಕಾರ," ಎಂದಳು.

ನಾನು ಸರಿದು ದಾರಿ ಬಿಟ್ಟೆ.